ಸಾಯುವ ಕೋಶದೊಳಗೆ ಯಾವ ಪ್ರೊಟೀನ್ ಎಲ್ಲಿ ತುಂಡಾಯಿತು?

ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಜೀವಕೋಶಗಳ ಯೋಜಿತ ಸಾವಿನ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಬಂದಿತ್ತು. ದೇಹಕ್ಕೆ ಬೇಡವಾದ ಅಥವಾ ಸರಿಪಡಿಸಲಾಗದಷ್ಟು ಹಾಳಾದ ಕೋಶವು ತನ್ನೊಳಗೆ ನಿಷ್ಕ್ರಿಯವಾಗಿದ್ದ ಕ್ಯಾಸ್ಪೇಸ್ ಎಂಬ ಕಿಣ್ವಗಳನ್ನು ಸಕ್ರಿಯಗೊಳಿಸಿ, ತನ್ನದೇ ಪ್ರೊಟೀನುಗಳನ್ನು ಆಯ್ದ ಜಾಗಗಳಲ್ಲಿ ಕತ್ತರಿಸಿಕೊಂಡು, ಒಳಗಿನದನ್ನು ಹೊರಗೆ ಚೆಲ್ಲದೆ ಕುಗ್ಗಿ ಸಾಯುತ್ತದೆ. 1972ರಲ್ಲಿ ಕೆರ್, ವೈಲಿ ಮತ್ತು ಕರ್ರಿ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು ಎಂಬಷ್ಟನ್ನು ಅಲ್ಲಿ ಹೇಳಲಾಗಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಕತ್ತರಿಸುವ ಕೆಲಸದ ಸುತ್ತಲೇ ಇರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಜೀವರಸಾಯನಶಾಸ್ತ್ರದ ಎಂ.ಎಸ್‌ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಔಷಧ ಹಾಕಿದ ಕ್ಯಾನ್ಸರ್ ಕೋಶಗಳ ವೆಸ್ಟರ್ನ್ ಬ್ಲಾಟ್ (ಪ್ರೊಟೀನುಗಳನ್ನು ಜೆಲ್ಲಿನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಬೇಕಾದದ್ದನ್ನು ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ) ಮಾಡಿದಾಗ ಪಾರ್ಪ್ ಎಂಬ ಪ್ರೊಟೀನಿನ 116 ಕಿಲೋಡಾಲ್ಟನ್ (ಅಣುತೂಕದ ಅಳತೆ) ಪಟ್ಟಿ ಮಸುಕಾಗಿ, 89ರ ಹತ್ತಿರ ಹೊಸ ಪಟ್ಟಿ ಕಾಣಿಸಿತು. ಹೀಗೆ ತುಂಡಾಗುವ ಎಲ್ಲ ಪ್ರೊಟೀನುಗಳನ್ನೂ ಒಮ್ಮೆಗೇ ಗುರುತಿಸಬೇಕಾದರೆ ಪ್ರೋಟಿಯೋಮಿಕ್ಸ್, ಅಂದರೆ ಕೋಶದ ಪ್ರೊಟೀನುಗಳನ್ನೆಲ್ಲ ಒಟ್ಟಾಗಿ ಓದುವ ವಿಧಾನ, ಬೇಕು ಎಂದು ನಮ್ಮ ಮಾರ್ಗದರ್ಶಕರು ಹೇಳುತ್ತಾರೆ. ಆದರೆ ಆ ವಿಧಾನದಲ್ಲಿ ಮಾದರಿಯನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ, ಅಣುಗಳ ತೂಕ ಅಳೆಯುವ ಯಂತ್ರಕ್ಕೆ ಕೊಡುವ ಮೊದಲು ನಾವೇ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಎಲ್ಲವನ್ನೂ ಕತ್ತರಿಸುತ್ತೇವೆ. ಹಾಗಿದ್ದಲ್ಲಿ ಕೋಶ ಕತ್ತರಿಸಿದ್ದು ಯಾವುದು, ನಾವು ಕತ್ತರಿಸಿದ್ದು ಯಾವುದು ಎಂದು ತಿಳಿಯುವುದು ಹೇಗೆ?
(ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಈ ಕ್ಷೇತ್ರದಲ್ಲಿ ಬಂದ ವಿಧಾನಗಳೆಲ್ಲ ನೀವು ಕೇಳಿದ ಈ ಒಂದು ಪ್ರಶ್ನೆಯನ್ನು ಬಿಡಿಸಲೆಂದೇ ಹುಟ್ಟಿದವು. ಆದ್ದರಿಂದ ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕಾಗುತ್ತದೆ.

ಮೊದಲ ಸುಳಿವು ಕಿಣ್ವಗಳ ಸ್ವಭಾವದಲ್ಲೇ ಇದೆ. ಟ್ರಿಪ್ಸಿನ್ ಕಿಣ್ವವು ಲೈಸಿನ್ ಅಥವಾ ಆರ್ಜಿನಿನ್ ಎಂಬ ಅಮೈನೋ ಆಮ್ಲ ಬಂದ ಕೂಡಲೇ ಅದರ ಮುಂದಿನ ಬಂಧವನ್ನು ಕತ್ತರಿಸುತ್ತದೆ. ಕ್ಯಾಸ್ಪೇಸ್‌ಗಳು ಬಹುಮಟ್ಟಿಗೆ ಆಸ್ಪಾರ್ಟಿಕ್ ಆಮ್ಲದ ನಂತರ ಮಾತ್ರ ಕತ್ತರಿಸುತ್ತವೆ. ಕ್ಯಾಸ್ಪೇಸ್-3ಕ್ಕೆ ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ, ವ್ಯಾಲಿನ್, ಮತ್ತೆ ಆಸ್ಪಾರ್ಟಿಕ್ ಆಮ್ಲ ಎಂಬ ನಾಲ್ಕರ ಸಾಲು ತುಂಬ ಇಷ್ಟ, ಮತ್ತು ನಿಮ್ಮ ಪಾರ್ಪ್-1 ಪ್ರೊಟೀನಿನಲ್ಲಿ ಇರುವುದು ಇದೇ ಸಾಲು. ಅದರ 214ನೆಯ ಅಮೈನೋ ಆಮ್ಲದ ನಂತರ ಕಡಿತ ಬಿದ್ದಾಗ 24 ಮತ್ತು 89 ಕಿಲೋಡಾಲ್ಟನ್ ತೂಕದ ಎರಡು ತುಂಡುಗಳು ಉಳಿಯುತ್ತವೆ. ಹೀಗಾಗಿ ಒಂದು ತುದಿಯನ್ನು ಟ್ರಿಪ್ಸಿನ್ ಮಾಡಿದ್ದು, ಇನ್ನೊಂದು ತುದಿ ಆಸ್ಪಾರ್ಟಿಕ್ ಆಮ್ಲದ ನಂತರ ಶುರುವಾದದ್ದು ಎಂಬಂಥ ಪೆಪ್ಟೈಡ್ (ಪ್ರೊಟೀನಿನ ಚಿಕ್ಕ ತುಂಡು) ಸಿಕ್ಕರೆ ಅಲ್ಲಿ ಕ್ಯಾಸ್ಪೇಸ್ ಕೆಲಸ ಮಾಡಿರಬಹುದೆಂದು ಅನುಮಾನಿಸಬಹುದು.

ಕಷ್ಟವಿರುವುದು ಅಂಥ ಪೆಪ್ಟೈಡ್ ಸಿಗುವುದರಲ್ಲಿ. ಒಂದು ಕೋಶದ ಪ್ರೊಟೀನುಗಳಿಗೆಲ್ಲ ಟ್ರಿಪ್ಸಿನ್ ಹಾಕಿದರೆ ಲಕ್ಷಗಟ್ಟಲೆ ಪೆಪ್ಟೈಡುಗಳಾಗುತ್ತವೆ. ಅವುಗಳ ನಡುವೆ ಕ್ಯಾಸ್ಪೇಸ್ ಮಾಡಿದ ತುದಿಗಳು ಅತ್ಯಲ್ಪ. ಮಾಸ್ ಸ್ಪೆಕ್ಟ್ರೋಮೀಟರ್ ಒಂದು ಕ್ಷಣಕ್ಕೆ ಇಷ್ಟೇ ಪೆಪ್ಟೈಡುಗಳನ್ನು ಓದಬಲ್ಲದು, ಮತ್ತು ಅದು ಹೇರಳವಾಗಿರುವುದನ್ನೇ ಮೊದಲು ಆರಿಸಿಕೊಳ್ಳುತ್ತದೆ. ಒಂದೇ ತುದಿ ಟ್ರಿಪ್ಸಿನ್‌ನದ್ದಾಗಿರುವ ಪೆಪ್ಟೈಡುಗಳನ್ನು ಕಂಪ್ಯೂಟರಿನಲ್ಲಿ ಹುಡುಕಲು ಹೇಳಬಹುದು, ನಿಜ. ಆದರೆ ಹಾಗೆ ಮಾಡಿದಾಗ ಹೋಲಿಸಬೇಕಾದ ಸಾಧ್ಯತೆಗಳ ಸಂಖ್ಯೆ ಹಲವು ಪಟ್ಟು ಹಿಗ್ಗಿ, ಆಕಸ್ಮಿಕವಾಗಿ ಹೊಂದಿಕೆಯಾಗುವ ಸುಳ್ಳು ಉತ್ತರಗಳೂ ಅದಕ್ಕೆ ತಕ್ಕಂತೆ ಹೆಚ್ಚುತ್ತವೆ. ಆದ್ದರಿಂದ ಟ್ರಿಪ್ಸಿನ್ ಹಾಕುವ ಮೊದಲೇ ಕೋಶ ಮಾಡಿದ ತುದಿಗಳಿಗೆ ಗುರುತು ಹಚ್ಚಿಬಿಡುವುದು, ಆಮೇಲೆ ಗುರುತು ಇರುವುದನ್ನಷ್ಟೇ ಓದುವುದು ಎಂಬ ಉಪಾಯ ಬಂತು.

ಇದು ಸಾಧ್ಯವಾಗುವುದು ಒಂದು ಸರಳ ರಾಸಾಯನಿಕ ಕಾರಣದಿಂದ. ಪ್ರೊಟೀನ್ ಸರಪಳಿಯನ್ನು ಎಲ್ಲಿ ಕತ್ತರಿಸಿದರೂ ಮುಂದಿನ ತುಂಡಿನ ಆರಂಭದಲ್ಲಿ ಒಂದು ಹೊಸ ಅಮೈನೋ ತುದಿ ತೆರೆದುಕೊಳ್ಳುತ್ತದೆ. ಮನುಷ್ಯರ ಕೋಶಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪ್ರೊಟೀನುಗಳ ಮೂಲ ಅಮೈನೋ ತುದಿ ಅಸಿಟೈಲ್ ಗುಂಪಿನಿಂದ ಮುಚ್ಚಿರುತ್ತದೆ. ಆದ್ದರಿಂದ ಟ್ರಿಪ್ಸಿನ್ ಹಾಕುವ ಮೊದಲು ತೆರೆದಿರುವ ಅಮೈನೋ ತುದಿಗಳಲ್ಲಿ ಹೊಸದಾಗಿ ಕತ್ತರಿಸಿದವುಗಳ ಪಾಲು ಚೆನ್ನಾಗಿಯೇ ಇರುತ್ತದೆ. ಅಡ್ಡಿಯೊಂದಿದೆ: ಲೈಸಿನ್‌ನ ಬದಿಯಲ್ಲಿಯೂ ಅಮೈನೋ ಗುಂಪು ಇರುವುದರಿಂದ, ಸಾಮಾನ್ಯ ರಾಸಾಯನಿಕಗಳು ಎರಡನ್ನೂ ಹಿಡಿದುಬಿಡುತ್ತವೆ.

ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ವೆಲ್ಸ್ ಅವರ ತಂಡವು ಇದಕ್ಕೆ ಕಂಡುಕೊಂಡ ಪರಿಹಾರ ಸಬ್‌ಟಿಲಿಗೇಸ್ ಎಂಬ ಮಾರ್ಪಡಿಸಿದ ಕಿಣ್ವ. ಬಟ್ಟೆ ಒಗೆಯುವ ಪುಡಿಗಳಲ್ಲಿ ಹಾಕುವ ಸಬ್‌ಟಿಲಿಸಿನ್ ಎಂಬ ಬ್ಯಾಕ್ಟೀರಿಯಾದ ಕಿಣ್ವವನ್ನೇ ತಿದ್ದಿ, ಕತ್ತರಿಸುವ ಬದಲು ಜೋಡಿಸುವಂತೆ ಮಾಡಿದ ರೂಪ ಇದು. ಲೈಸಿನ್‌ನ ಗೊಡವೆಗೆ ಹೋಗದೆ ಸರಪಳಿಯ ಆರಂಭದ ಅಮೈನೋ ತುದಿಗೆ ಮಾತ್ರ ಬಯೋಟಿನ್ ಎಂಬ ಗುರುತಿನ ಅಣು ಇರುವ ಒಂದು ಚಿಕ್ಕ ಪೆಪ್ಟೈಡನ್ನು ಇದು ಅಂಟಿಸುತ್ತದೆ. ಆಮೇಲೆ ಬಯೋಟಿನ್ ಹಿಡಿಯುವ ಮಣಿಗಳ ಮೇಲೆ ಆ ತುಂಡುಗಳನ್ನು ನಿಲ್ಲಿಸಿ, ಟ್ರಿಪ್ಸಿನ್ ಹಾಕಿ ಉಳಿದದ್ದನ್ನೆಲ್ಲ ತೊಳೆದು, ಕೊನೆಗೆ ಬೇರೊಂದು ಕಿಣ್ವದಿಂದ ಬಿಡಿಸಿಕೊಂಡಾಗ, ಗುರುತಿನ ಸಣ್ಣ ಶೇಷವೊಂದು ಪೆಪ್ಟೈಡಿನ ತುದಿಯಲ್ಲಿ ಉಳಿಯುತ್ತದೆ. ಈ ತುದಿ ಟ್ರಿಪ್ಸಿನ್‌ನದ್ದಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಜುರ್ಕಾಟ್ ಎಂಬ ಮನುಷ್ಯರ ರಕ್ತ ಕ್ಯಾನ್ಸರಿನ ಟಿ-ಕೋಶಗಳಿಗೆ ಇಟೊಪೊಸೈಡ್ ಔಷಧ ಕೊಟ್ಟು 2008ರಲ್ಲಿ ಈ ತಂಡ ಪ್ರಕಟಿಸಿದ ಪಟ್ಟಿಯಲ್ಲಿ 292 ಪ್ರೊಟೀನುಗಳ 333 ಕಡಿತದ ಜಾಗಗಳಿದ್ದವು.

ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಗೆವಾರ್ಟ್ ಮತ್ತು ವಾಂಡೆಕೆರ್ಕೋವ್ ಅವರು 2003ರಲ್ಲಿಯೇ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದಿದ್ದರು. ಅವರು ತೆರೆದಿರುವ ಅಮೈನೋ ಗುಂಪುಗಳನ್ನೆಲ್ಲ, ಲೈಸಿನ್‌ನದ್ದನ್ನೂ ಸೇರಿಸಿ, ಮೊದಲೇ ಮುಚ್ಚಿಬಿಡುತ್ತಾರೆ. ಆಮೇಲೆ ಟ್ರಿಪ್ಸಿನ್ ಹಾಕಿದಾಗ ಹೊಸದಾಗಿ ತೆರೆದುಕೊಳ್ಳುವ ಅಮೈನೋ ತುದಿಗಳೆಲ್ಲ ಟ್ರಿಪ್ಸಿನ್ ಮಾಡಿದವೇ ಆಗಿರುತ್ತವೆ. ಆ ಪೆಪ್ಟೈಡುಗಳನ್ನು ರಾಸಾಯನಿಕವಾಗಿ ಬದಲಿಸಿ, ಪೆಪ್ಟೈಡುಗಳನ್ನು ಸ್ವಭಾವದ ಪ್ರಕಾರ ಬೇರ್ಪಡಿಸುವ ಅದೇ ಕ್ರೊಮಾಟೋಗ್ರಫಿಯನ್ನು ಎರಡನೆಯ ಸಲ ನಡೆಸಿದರೆ ಅವು ಜಾಗ ಬದಲಿಸುತ್ತವೆ, ನಮಗೆ ಬೇಕಾದವು ಇದ್ದಲ್ಲೇ ಇರುತ್ತವೆ. ವ್ಯಾಂಕೂವರ್‌ನ ಕ್ರಿಸ್ಟೋಫರ್ ಓವರಾಲ್ ಅವರ ತಂಡ 2010ರಲ್ಲಿ ಪ್ರಕಟಿಸಿದ ಟೇಲ್ಸ್ ಎಂಬ ವಿಧಾನದಲ್ಲಿ ಬೇಡದ ಪೆಪ್ಟೈಡುಗಳು ಒಂದು ದೊಡ್ಡ ಪಾಲಿಮರಿಗೆ ಅಂಟಿಕೊಂಡು, ಸೋಸಿದಾಗ ಹಿಂದೆ ಉಳಿಯುತ್ತವೆ. ಕಣದಲ್ಲಿ ಜೋಳ ತೂರುವಾಗ ಕಾಳನ್ನು ಯಾರೂ ಒಂದೊಂದಾಗಿ ಆರಿಸುವುದಿಲ್ಲ, ಹೊಟ್ಟು ತಾನಾಗಿ ಹಾರಿಹೋಗುವಂತೆ ಮಾಡುತ್ತಾರಲ್ಲ, ಇಲ್ಲಿನ ತರ್ಕವೂ ಅದೇ.

ಮೂರನೆಯ ದಾರಿ ನಿಮ್ಮ ವೆಸ್ಟರ್ನ್ ಬ್ಲಾಟಿಗೆ ಹತ್ತಿರದ್ದು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಬೆಂಜಮಿನ್ ಕ್ರಾವಟ್ ಅವರ ತಂಡ 2008ರಲ್ಲಿಯೇ ಪ್ರಕಟಿಸಿದ ಪ್ರೋಟೊಮ್ಯಾಪ್ ವಿಧಾನದಲ್ಲಿ, ಆರೋಗ್ಯವಾಗಿರುವ ಕೋಶಗಳ ಮತ್ತು ಅಪೊಪ್ಟೋಸಿಸ್ ಹುಟ್ಟಿಸುವ ಸ್ಟಾರೊಸ್ಪೊರಿನ್ ಎಂಬ ರಾಸಾಯನಿಕ ಕೊಟ್ಟ ಕೋಶಗಳ ಪ್ರೊಟೀನುಗಳನ್ನು ಜೆಲ್‌ನಲ್ಲಿ ಓಡಿಸಿ, ಜೆಲ್ಲನ್ನು ಮೇಲಿನಿಂದ ಕೆಳಗಿನವರೆಗೆ ತೆಳು ಪಟ್ಟಿಗಳಾಗಿ ಕೊಯ್ದು, ಪ್ರತಿ ಪಟ್ಟಿಯನ್ನೂ ಬೇರೆ ಬೇರೆಯಾಗಿ ಟ್ರಿಪ್ಸಿನ್‌ಗೆ ಒಳಪಡಿಸಿ ಓದುತ್ತಾರೆ. ಒಂದು ಪ್ರೊಟೀನಿನ ಪೆಪ್ಟೈಡುಗಳು ಅದರ ಸಹಜ ತೂಕದ ಪಟ್ಟಿಯಲ್ಲಿ ಕಡಿಮೆಯಾಗಿ ಕೆಳಗಿನ ಪಟ್ಟಿಯಲ್ಲಿ ಕಾಣಿಸಿಕೊಂಡರೆ ಅದು ತುಂಡಾಗಿದೆ ಎಂದರ್ಥ. ಎಲ್ಲಿ ತುಂಡಾಯಿತೆಂದು ಇದು ಅಕ್ಷರಶಃ ತೋರಿಸುವುದಿಲ್ಲ. ಆದರೆ ತುಂಡು ಎಷ್ಟು ದೊಡ್ಡದು, ಇಡೀ ಪ್ರೊಟೀನು ಇನ್ನೂ ಎಷ್ಟು ಉಳಿದಿದೆ ಎಂಬ ಎರಡು ಸಂಗತಿಗಳನ್ನು ಇದು ತೋರಿಸುತ್ತದೆ, ಮತ್ತು ತುದಿ ಹುಡುಕುವ ವಿಧಾನಗಳು ತಾವಾಗಿ ತೋರಿಸದೆ ಇರುವುದು ಇವೆರಡನ್ನೇ.

ಒಂದು ವಿಧಾನದ ಪಟ್ಟಿಯಲ್ಲಿ ಒಂದು ಪ್ರೊಟೀನ್ ಇಲ್ಲವೆಂದ ಮಾತ್ರಕ್ಕೆ ಅದು ತುಂಡಾಗಿಲ್ಲ ಎಂದು ತೀರ್ಮಾನಿಸಬೇಡಿ. ನಿಮ್ಮ ಪಾರ್ಪ್-1ನ್ನೇ ನೋಡಿ. ಕಡಿತದ ನಂತರ ಏಳನೆಯ ಅಮೈನೋ ಆಮ್ಲವೇ ಲೈಸಿನ್. ಟ್ರಿಪ್ಸಿನ್ ಅಲ್ಲಿ ಕತ್ತರಿಸಿದರೆ ಯಂತ್ರ ಓದಬಲ್ಲ ಪುಟ್ಟ ಪೆಪ್ಟೈಡ್ ಸಿಗುತ್ತದೆ. ಆದರೆ ಲೈಸಿನ್‌ಗಳನ್ನು ಮೊದಲೇ ಮುಚ್ಚುವ ವಿಧಾನದಲ್ಲಿ ಟ್ರಿಪ್ಸಿನ್ ಆರ್ಜಿನಿನ್ ಬರುವವರೆಗೂ ಕಾಯಬೇಕು, ಮತ್ತು ಆ ಭಾಗವೋ ಲೈಸಿನ್‌ಗಳಿಂದಲೇ ತುಂಬಿರುವುದರಿಂದ ಸಿಗುವ ಪೆಪ್ಟೈಡ್ ಓದಲಾಗದಷ್ಟು ಉದ್ದವಾಗುತ್ತದೆ. ಅಪೊಪ್ಟೋಸಿಸ್‌ನ ಅತ್ಯಂತ ಪ್ರಸಿದ್ಧ ಕಡಿತವೇ ಹೀಗೆ ಕೈತಪ್ಪಿ ಹೋಗಬಹುದು. ಹಾಗೆಯೇ, ಆಸ್ಪಾರ್ಟಿಕ್ ಆಮ್ಲದ ನಂತರ ಕಡಿತವಿದೆ ಎಂಬುದೊಂದೇ ಕ್ಯಾಸ್ಪೇಸ್‌ನ ಸಹಿಯಲ್ಲ. ಟಿ-ಕೋಶಗಳು ಶತ್ರುಕೋಶದೊಳಗೆ ಬಿಡುವ ಗ್ರಾನ್‌ಜೈಮ್-ಬಿ ಕೂಡ ಅಲ್ಲಿಯೇ ಕತ್ತರಿಸುತ್ತದೆ. ಕ್ಯಾಸ್ಪೇಸ್‌ಗಳನ್ನು ತಡೆಯುವ ಜಡ್‌-ವ್ಯಾಡ್ ಎಂಬ ರಾಸಾಯನಿಕ ಕೊಟ್ಟಾಗ ಆ ತುದಿ ಮಾಯವಾಗುತ್ತದೆಯೇ ಎಂದು ನೋಡಿದ ಮೇಲಷ್ಟೇ ಹೆಸರು ಹೇಳುವುದು ಸರಿ.

ಪ್ರಶ್ನೆ: ಇಂಥ ಪಟ್ಟಿಗಳಲ್ಲಿ ನೂರಾರು ಪ್ರೊಟೀನುಗಳಿವೆ ಎಂದು ಓದಿದೆ. ಕೋಶ ಸಾಯಲು ಇಷ್ಟೆಲ್ಲ ಪ್ರೊಟೀನುಗಳನ್ನು ಕತ್ತರಿಸಬೇಕೇ? ಕೆಲವೇ ಮುಖ್ಯವಾದವು ಇರಬೇಕಲ್ಲವೇ?
(ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ನಿಮ್ಮ ಸಂದೇಹ ಸರಿಯಾದದ್ದು, ಮತ್ತು ಪಟ್ಟಿ ಪ್ರಕಟಿಸುವ ಉತ್ಸಾಹದಲ್ಲಿ ಬಹುಜನ ಇದನ್ನು ಬದಿಗಿಡುತ್ತಾರೆ. ಬೇರೆ ಬೇರೆ ತಂಡಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದರೆ ಇಂದು ಮನುಷ್ಯರ ಕೋಶಗಳಲ್ಲಿ ಸಾವಿರಕ್ಕೂ ಹೆಚ್ಚು ಕಡಿತದ ಜಾಗಗಳು ದಾಖಲಾಗಿವೆ. ಇವುಗಳಲ್ಲಿ ಯಾವುದು ಏನು ಮಾಡುತ್ತದೆ ಎಂದು ಪ್ರಯೋಗದಿಂದ ತೋರಿಸಿರುವುದು ಕೆಲವೇ ಕೆಲವು.

ತೋರಿಸಿರುವವು ಮಾತ್ರ ಸ್ಪಷ್ಟವಾಗಿವೆ. ಕ್ಯಾಸ್ಪೇಸ್-8 ಬಿಡ್ ಎಂಬ ಪ್ರೊಟೀನನ್ನು ಕತ್ತರಿಸಿದಾಗ ಅದರ ತುಂಡು ಮೈಟೊಕಾಂಡ್ರಿಯಾಕ್ಕೆ ಹೋಗಿ ಸೈಟೊಕ್ರೋಮ್-ಸಿ ಎಂಬ ಪ್ರೊಟೀನ್ ಹೊರಬೀಳುವಂತೆ ಮಾಡುತ್ತದೆ, ಅಂದರೆ ಇಲ್ಲಿ ಕಡಿತವು ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ. ರಾಕ್-1 ಎಂಬ ಕಿಣ್ವದಲ್ಲಿ ಅದನ್ನು ಅದುಮಿ ಇಟ್ಟಿದ್ದ ತುದಿಭಾಗ ಕತ್ತರಿಸಿಹೋಗುವುದರಿಂದ ಅದು ತಡೆಯಿಲ್ಲದೆ ಕೆಲಸ ಮಾಡಿ, ಕೋಶದ ಒಳಚೌಕಟ್ಟು ಸಂಕುಚಿಸಿ, ಸೂಕ್ಷ್ಮದರ್ಶಕದಲ್ಲಿ ನೀವು ಕಾಣುವ ಗುಳ್ಳೆಗಳು ಹೊರಪೊರೆಯ ಮೇಲೆ ಏಳುತ್ತವೆ. ಐಕ್ಯಾಡ್ ಎಂಬ ತಡೆಗಾರ ತುಂಡಾದಾಗ, ಅದು ಹಿಡಿದಿಟ್ಟುಕೊಂಡಿದ್ದ ಡಿಎನ್ಎ ಕತ್ತರಿಸುವ ಕಿಣ್ವ ಬಿಡುಗಡೆಯಾಗಿ, ಸುಮಾರು 180 ಬೇಸ್-ಜೋಡಿಗಳ ಅಂತರದಲ್ಲಿ ಡಿಎನ್ಎ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಎಕ್ಸ್‌ಕೆಆರ್-8 ಎಂಬ ಪೊರೆಯ ಪ್ರೊಟೀನ್ ತುಂಡಾದ ಮೇಲೆ ಒಳಪದರದಲ್ಲಿದ್ದ ಫಾಸ್ಫಾಟಿಡೈಲ್‌ಸೆರೀನ್ ಎಂಬ ಕೊಬ್ಬು ಹೊರಪದರಕ್ಕೆ ಬರುತ್ತದೆ. ಇದು 2013ರಲ್ಲಿ ಜಪಾನಿನ ಶಿಗೆಕಾಜು ನಾಗಾಟಾ ಅವರ ತಂಡ ತೋರಿಸಿದ ಸಂಗತಿ. ಕಬಳಿಸುವ ಕೋಶಗಳು ಸಾಯುವ ಕೋಶವನ್ನು ಗುರುತಿಸುವುದು ಆ ಕೊಬ್ಬಿನಿಂದಲೇ, ಮತ್ತು ನಿಮ್ಮ ವಿಭಾಗದಲ್ಲಿ ಅನೆಕ್ಸಿನ್-ವಿ ಪರೀಕ್ಷೆ ಅಳೆಯುವುದೂ ಅದನ್ನೇ. ಗಮನಿಸಬೇಕಾದ್ದೇನೆಂದರೆ, ಈ ಉದಾಹರಣೆಗಳಲ್ಲಿ ಕಡಿತವು ಪ್ರೊಟೀನನ್ನು ಸುಮ್ಮನೆ ನಾಶ ಮಾಡುವುದಿಲ್ಲ; ಬಹುಮಟ್ಟಿಗೆ ಅದನ್ನು ಬೇರೊಂದು ಕೆಲಸಕ್ಕೆ ಹಚ್ಚುತ್ತದೆ ಅಥವಾ ಅದರಿಂದ ಇನ್ನೊಂದನ್ನು ಬಿಡಿಸುತ್ತದೆ.

ಇನ್ನು ಪಾರ್ಪ್-1. ಅಪೊಪ್ಟೋಸಿಸ್ ಆಗಿದೆ ಎಂಬುದಕ್ಕೆ ಜಗತ್ತಿನ ಪ್ರಯೋಗಾಲಯಗಳೆಲ್ಲ ತೋರಿಸುವ ಸಾಕ್ಷಿ ಅದರ 89 ಕಿಲೋಡಾಲ್ಟನ್ ತುಂಡು. ಆದರೆ ಕ್ಯಾಸ್ಪೇಸ್ ಕತ್ತರಿಸಲಾಗದಂತೆ ಪಾರ್ಪ್-1ರ 214ನೆಯ ಅಮೈನೋ ಆಮ್ಲವನ್ನು ಬದಲಿಸಿದ ಇಲಿಗಳನ್ನು ಬೆಳೆಸಿದಾಗ ಅವು ಸಹಜವಾಗಿಯೇ ಬೆಳೆದವು. ಬ್ಯಾಕ್ಟೀರಿಯಾದ ವಿಷದಿಂದಾಗುವ ಆಘಾತಕ್ಕೆ ಪ್ರತಿರೋಧ ತೋರಿದ್ದು ಅವುಗಳಲ್ಲಿ ಕಂಡ ವ್ಯತ್ಯಾಸ. ಅಂದರೆ ಒಂದು ಕಡಿತ ಸಾವಿನ ನಂಬಿಕಸ್ತ ಗುರುತಾಗಿರಬಹುದು, ಹಾಗಿದ್ದೂ ಸಾವಿಗೆ ಅನಿವಾರ್ಯವಲ್ಲದೆ ಇರಬಹುದು. ಐಕ್ಯಾಡ್ ವಿಷಯದಲ್ಲಿಯೂ ಅಷ್ಟೆ: ಅದನ್ನು ಕತ್ತರಿಸಲಾಗದಂತೆ ಮಾಡಿದ ಕೋಶಗಳಲ್ಲಿ ಡಿಎನ್ಎ ಮೆಟ್ಟಿಲು ಕಾಣಿಸುವುದಿಲ್ಲ, ಆದರೆ ಕೋಶ ಸಾಯುವುದಂತೂ ತಪ್ಪುವುದಿಲ್ಲ.

ಹಾಗಾದರೆ ನೂರಾರರಲ್ಲಿ ಮುಖ್ಯವಾದುದನ್ನು ಹೇಗೆ ಹೆಕ್ಕುವುದು? ನನ್ನ ಮಟ್ಟಿಗೆ ಮೊದಲು ಕೇಳಬೇಕಾದ್ದು, ಆ ಪ್ರೊಟೀನಿನ ಎಷ್ಟು ಪಾಲು ತುಂಡಾಗಿದೆ ಎಂಬ ಪ್ರಶ್ನೆ. ಮಾಸ್ ಸ್ಪೆಕ್ಟ್ರೋಮೀಟರ್ ತುಂಬ ಸೂಕ್ಷ್ಮವಾದ ಯಂತ್ರ. ನೂರು ಅಣುಗಳಲ್ಲಿ ಎರಡು ತುಂಡಾಗಿದ್ದರೂ ಅದು ತೋರಿಸಬಹುದು. ತುಂಡಾದ ಭಾಗವೇ ಹೊಸ ಕೆಲಸ ಮಾಡುವಂಥದ್ದಾದರೆ ಆ ಎರಡೂ ಸಾಕಾಗಬಹುದು; ಆದರೆ ಪ್ರೊಟೀನಿನ ಕೆಲಸ ನಿಂತುಹೋಯಿತು ಎಂದು ವಾದಿಸುವುದಾದರೆ ಉಳಿದ ತೊಂಬತ್ತೆಂಟು ಏನು ಮಾಡುತ್ತಿವೆ ಎಂದು ಹೇಳಬೇಕಾಗುತ್ತದೆ. ಆಮೇಲಿನದು ವೇಗ. ಕ್ಯಾಸ್ಪೇಸ್ ಒಂದೇ ಆಗಿದ್ದರೂ ಬೇರೆ ಬೇರೆ ಪ್ರೊಟೀನುಗಳನ್ನು ಕತ್ತರಿಸುವ ವೇಗದಲ್ಲಿ ನೂರಾರು ಪಟ್ಟು ವ್ಯತ್ಯಾಸವಿದೆ ಎಂದು ವೆಲ್ಸ್ ಅವರ ತಂಡ ಅಳೆದು ತೋರಿಸಿದೆ. ಕೋಶ ಕುಗ್ಗಿ ಮುಗಿದ ಮೇಲೆ ನಿಧಾನವಾಗಿ ಬೀಳುವ ಕಡಿತಕ್ಕೂ ಸಾವಿಗೂ ಕಾರ್ಯಕಾರಣ ಸಂಬಂಧ ಹೇಳುವುದು ಕಷ್ಟ. ಮನುಷ್ಯ, ಇಲಿ, ನೊಣ, ಹುಳುಗಳನ್ನು ಹೋಲಿಸಿದಾಗ ಕಡಿತದ ನಿರ್ದಿಷ್ಟ ಜಾಗಗಳಿಗಿಂತ ಕಡಿತಕ್ಕೆ ಒಳಗಾಗುವ ಪ್ರೊಟೀನುಗಳು, ಅವುಗಳಿಗಿಂತಲೂ ಅವು ಸೇರಿರುವ ಕಾರ್ಯಸರಣಿಗಳು ಹೆಚ್ಚು ಉಳಿದುಕೊಂಡು ಬಂದಿವೆ ಎಂಬುದನ್ನೂ ಇಲ್ಲಿ ನೆನೆಯಬೇಕು; ವಿಕಾಸವು ಒಂದೊಂದು ಜಾಗವನ್ನೂ ಜತನ ಮಾಡಿಲ್ಲ.

ಕೊನೆಗೂ ನಿರ್ಣಾಯಕ ಪ್ರಯೋಗ ಹಳೆಯ ಬಗೆಯದೇ: ಆ ಆಸ್ಪಾರ್ಟಿಕ್ ಆಮ್ಲವನ್ನು ಬೇರೊಂದಕ್ಕೆ ಬದಲಿಸಿ, ಕತ್ತರಿಸಲಾಗದ ಪ್ರೊಟೀನನ್ನು ಕೋಶದಲ್ಲಿಟ್ಟು, ಏನು ಬದಲಾಯಿತೆಂದು ನೋಡುವುದು. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ಒಂದು ಸಲಕ್ಕೆ ಒಂದೇ ಪ್ರೊಟೀನಿಗೆ ಆಗುತ್ತದೆ. ಪಟ್ಟಿಗಳು ಬೇಗ ಬೆಳೆದು ಅರ್ಥ ಹಿಂದೆ ಬಿದ್ದಿರುವುದು ಇದರಿಂದಲೇ. ಎರಡು ತಂಡಗಳಲ್ಲಿ ಯಾವುದರ ಪಟ್ಟಿ ಉದ್ದ ಎಂದು ಎಣಿಸುವ ಲೇಖನಕ್ಕಿಂತ, ಒಂದೇ ಕಡಿತವನ್ನು ಕೊನೆಯವರೆಗೆ ಬೆನ್ನಟ್ಟಿದ ಲೇಖನವನ್ನು ಓದಲು ನಿಮಗೆ ಸಲಹೆ ಮಾಡುತ್ತೇನೆ.

ಪ್ರಶ್ನೆ: ಪಿಯುಸಿ ತರಗತಿಯಲ್ಲಿ ಜೀರ್ಣಕ್ರಿಯೆ ಪಾಠ ಮಾಡುವಾಗ ಪೆಪ್ಸಿನ್, ಟ್ರಿಪ್ಸಿನ್‌ಗಳು ಪ್ರೊಟೀನನ್ನು ಒಡೆಯುತ್ತವೆ ಎನ್ನುತ್ತೇವೆ. ಸಾಯುವ ಕೋಶದಲ್ಲಿ ನಡೆಯುವುದೂ ಅದೇ ಅಲ್ಲವೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಏನು ಹೇಳಲಿ?
(ಉಪನ್ಯಾಸಕರು, ಗದಗ)

ಉತ್ತರ: ಅಲ್ಲವೆಂದು ಹೇಳಿ. ಜೀರ್ಣಕ್ರಿಯೆಯ ಉದ್ದೇಶ ಪ್ರೊಟೀನನ್ನು ಅಮೈನೋ ಆಮ್ಲಗಳವರೆಗೆ ಒಡೆದು ಆಹಾರವಾಗಿಸುವುದು. ಕ್ಯಾಸ್ಪೇಸ್ ಒಂದು ಪ್ರೊಟೀನನ್ನು ಸಾಮಾನ್ಯವಾಗಿ ಒಂದೋ ಎರಡೋ ಜಾಗದಲ್ಲಿ ಮಾತ್ರ ಕತ್ತರಿಸಿ ಬಿಡುತ್ತದೆ, ಮತ್ತು ಮೇಲೆ ಹೇಳಿದ ಪ್ರೋಟೊಮ್ಯಾಪ್ ಅಧ್ಯಯನದಲ್ಲಿ ಕಂಡಂತೆ ಆ ತುಂಡುಗಳಲ್ಲಿ ಅನೇಕವು ತಮ್ಮ ಆಕಾರ ಉಳಿಸಿಕೊಂಡ ಪೂರ್ಣ ಘಟಕಗಳಾಗಿ ಕೋಶದಲ್ಲಿ ಬಾಳುತ್ತವೆ. ಒಂದು ಹೋಲಿಕೆ ಮಾತ್ರ ಸರಿಯಾಗಿದೆ: ಟ್ರಿಪ್ಸಿನ್ ಹೇಗೆ ಟ್ರಿಪ್ಸಿನೋಜನ್ ಎಂಬ ನಿಷ್ಕ್ರಿಯ ರೂಪದಲ್ಲಿ ತಯಾರಾಗುತ್ತದೆಯೋ, ಹಾಗೆಯೇ ಕ್ಯಾಸ್ಪೇಸ್-3 ಕೂಡ 277 ಅಮೈನೋ ಆಮ್ಲಗಳ ನಿಷ್ಕ್ರಿಯ ರೂಪದಲ್ಲಿದ್ದು, 175ನೆಯ ಆಸ್ಪಾರ್ಟಿಕ್ ಆಮ್ಲದ ನಂತರ ತಾನೇ ಕತ್ತರಿಸಲ್ಪಟ್ಟ ಮೇಲೆ ಸಕ್ರಿಯವಾಗುತ್ತದೆ.

ಮಕ್ಕಳಿಗೆ ಹೇಳಲು ಒಂದು ಸಂಗತಿ ಕೂಡ ಕೊಡುತ್ತೇನೆ. ಮಣ್ಣಿನಲ್ಲಿರುವ ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗ್ಯಾನ್ಸ್ ಎಂಬ ಹುಳುವಿನ ದ್ವಿಲಿಂಗಿಯಲ್ಲಿ ಬೆಳವಣಿಗೆಯ ಕಾಲಕ್ಕೆ 1090 ದೇಹಕೋಶಗಳು ಹುಟ್ಟುತ್ತವೆ, ಅವುಗಳಲ್ಲಿ 131 ಸಾಯುತ್ತವೆ, 959 ಉಳಿಯುತ್ತವೆ. ಯಾವ ಕೋಶ ಸಾಯಬೇಕೆಂಬುದು ಪ್ರತಿ ಹುಳುವಿನಲ್ಲೂ ನಿಗದಿಯಾಗಿರುತ್ತದೆ. ಈ ಲೆಕ್ಕ ಮತ್ತು ಅದರ ಹಿಂದಿನ ಜೀನುಗಳಿಗಾಗಿ ಬ್ರೆನ್ನರ್, ಹಾರ್ವಿಟ್ಜ್, ಸಲ್ಸ್‌ಟನ್ ಅವರಿಗೆ 2002ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಅದೇ ವರ್ಷದ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಒಂದು ಪಾಲು, ಪ್ರೊಟೀನಿನಂಥ ದೊಡ್ಡ ಅಣುಗಳನ್ನು ಒಡೆಯದೆ ಮಾಸ್ ಸ್ಪೆಕ್ಟ್ರೋಮೀಟರಿಗೆ ಏರಿಸುವ ದಾರಿ ತೋರಿದ ಜಾನ್ ಫೆನ್ ಮತ್ತು ಕೊಯಿಚಿ ತನಾಕಾ ಅವರಿಗೆ ಹೋಯಿತು. ಈ ಅಂಕಣದ ವಿಷಯದ ಎರಡೂ ಕಾಲುಗಳು ಒಂದೇ ವರ್ಷ ಗೌರವ ಪಡೆದದ್ದು ಆಕಸ್ಮಿಕವೇ ಸರಿ.

ಪ್ರಶ್ನೆ: ಇಂಥ ತುಂಡುಗಳನ್ನು ರೋಗಿಯ ರಕ್ತದಲ್ಲಿ ಅಳೆಯಬಹುದೇ?
(ಲ್ಯಾಬ್ ಟೆಕ್ನಿಶಿಯನ್, ಹುಬ್ಬಳ್ಳಿ)

ಉತ್ತರ: ಅಳೆಯಬಹುದು. ಯಕೃತ್ತು, ಕರುಳು ಮೊದಲಾದ ಅಂಗಗಳ ಹೊದಿಕೆ ಕೋಶಗಳಲ್ಲಿರುವ ಕೆರಾಟಿನ್-18 ಪ್ರೊಟೀನನ್ನು ಕ್ಯಾಸ್ಪೇಸ್ 396ನೆಯ ಆಸ್ಪಾರ್ಟಿಕ್ ಆಮ್ಲದ ನಂತರ ಕತ್ತರಿಸುತ್ತದೆ. ಎಂ-30 ಎಂಬ ಪ್ರತಿಕಾಯವು ಹೀಗೆ ಕತ್ತರಿಸಿದಾಗ ತೆರೆದುಕೊಳ್ಳುವ ತುದಿಯನ್ನು ಮಾತ್ರ ಹಿಡಿಯುವುದರಿಂದ ಅದನ್ನು ಎಲೈಸಾ (ಪ್ರತಿಕಾಯದಿಂದ ಪ್ರೊಟೀನಿನ ಪ್ರಮಾಣ ಅಳೆಯುವ) ಪರೀಕ್ಷೆಯಲ್ಲಿ ಬಳಸುತ್ತಾರೆ. ಎಂ-65 ಪರೀಕ್ಷೆ ಇಡೀ ಕೆರಾಟಿನ್ ಮತ್ತು ತುಂಡು ಎರಡನ್ನೂ ಅಳೆಯುತ್ತದೆ. ಎರಡರ ಅನುಪಾತದಿಂದ ಕೋಶಗಳು ಅಪೊಪ್ಟೋಸಿಸ್‌ನಿಂದ ಸತ್ತವೋ ಅಥವಾ ಒಡೆದು ಸತ್ತವೋ ಎಂದು ಅಂದಾಜು ಮಾಡುತ್ತಾರೆ. ಕೊಬ್ಬಿನ ಯಕೃತ್ತಿನ ರೋಗದಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ಪರಿಣಾಮ ತಿಳಿಯುವುದರಲ್ಲಿ ಇದರ ಬಗ್ಗೆ ಸಾಕಷ್ಟು ಸಂಶೋಧನೆ ನಡೆದಿದೆ. ಆದರೆ ಇದೊಂದರ ಮೇಲೆ ರೋಗನಿರ್ಣಯ ಮಾಡುವಂತಿಲ್ಲ.

ಪ್ರಶ್ನೆ: ನಾನು ಕೃಷಿ ಪದವೀಧರ, ನಮ್ಮದು ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಮನೆತನ. ರೋಗ ತಾಳಿಕೊಳ್ಳುವ ಗಿಡದಲ್ಲಿ ಸೋಂಕು ತಗಲಿದ ಜಾಗದ ಎಲೆಭಾಗ ಚಿಕ್ಕ ಚುಕ್ಕೆಯಾಗಿ ಒಣಗಿ, ರೋಗ ಅಲ್ಲಿಗೇ ನಿಲ್ಲುತ್ತದೆ ಎಂದು ಓದಿದ್ದೇವೆ. ಗಿಡದಲ್ಲಿಯೂ ಕ್ಯಾಸ್ಪೇಸ್‌ಗಳಿವೆಯೇ?
(ಓದುಗರು, ಹಾವೇರಿ ಜಿಲ್ಲೆ)

ಉತ್ತರ: ಮೊದಲು ಒಂದು ಎಚ್ಚರಿಕೆ. ಮೆಣಸಿನ ಎಲೆಯ ಮೇಲೆ ಕಾಣುವ ಚುಕ್ಕೆಗಳೆಲ್ಲ ಇಂಥವಲ್ಲ. ದಿನೇ ದಿನೇ ದೊಡ್ಡದಾಗುವ ಚುಕ್ಕೆ ಸಾಮಾನ್ಯವಾಗಿ ರೋಗಾಣು ಗೆಲ್ಲುತ್ತಿರುವುದರ ಲಕ್ಷಣ, ಮತ್ತು ಎಲೆ ಮುಟುರಿಕೊಳ್ಳುವುದು ಬೇರೆಯೇ ತೊಂದರೆ. ನೀವು ಹೇಳುವುದು ಅತಿಸಂವೇದಿ ಪ್ರತಿಕ್ರಿಯೆ. ಉದಾಹರಣೆಗೆ, ಬಿಎಸ್-2 ಎಂಬ ಜೀನ್ ಇರುವ ಮೆಣಸಿನ ಗಿಡವು ಎಲೆಚುಕ್ಕೆ ತರುವ ಜಾಂಥೊಮೊನಾಸ್ ಬ್ಯಾಕ್ಟೀರಿಯಾದ ಒಂದು ಪ್ರೊಟೀನನ್ನು ಗುರುತಿಸಿದ ಕೂಡಲೇ, ಸೋಂಕು ತಗಲಿದ ಕೋಶಗಳನ್ನು ತಾನೇ ಸಾಯಿಸಿ ಬ್ಯಾಕ್ಟೀರಿಯಾ ಹರಡದಂತೆ ಮಾಡುತ್ತದೆ.

ಗಿಡಗಳಲ್ಲಿ ನಿಜವಾದ ಕ್ಯಾಸ್ಪೇಸ್‌ಗಳಿಲ್ಲ. ಅವುಗಳ ದೂರದ ಸಂಬಂಧಿಗಳಾದ ಮೆಟಾಕ್ಯಾಸ್ಪೇಸ್‌ಗಳಿವೆ, ಆದರೆ ಅವು ಕತ್ತರಿಸುವುದು ಆಸ್ಪಾರ್ಟಿಕ್ ಆಮ್ಲದ ನಂತರವಲ್ಲ, ಆರ್ಜಿನಿನ್ ಮತ್ತು ಲೈಸಿನ್ ನಂತರ. ಆಸ್ಪಾರ್ಟಿಕ್ ಆಮ್ಲದ ನಂತರ ಕತ್ತರಿಸುವ ಕೆಲಸವನ್ನು ಗಿಡಗಳಲ್ಲಿ ಮಾಡುವ ಫೈಟಾಸ್ಪೇಸ್ ಎಂಬುದು ಕ್ಯಾಸ್ಪೇಸ್ ಕುಲಕ್ಕೇ ಸೇರಿಲ್ಲ, ಅದು ಮೇಲೆ ಹೇಳಿದ ಸಬ್‌ಟಿಲಿಸಿನ್‌ನ ಕುಲಕ್ಕೆ ಸೇರಿದ್ದು. ಹೀಗಿದ್ದೂ 2009ರಲ್ಲಿ ಒಂದು ಅಚ್ಚರಿಯ ಸಾಮ್ಯ ಕಂಡುಬಂತು: ಸ್ಪ್ರೂಸ್ ಮರದ ಭ್ರೂಣದಲ್ಲಿ ಮೆಟಾಕ್ಯಾಸ್ಪೇಸ್ ಕತ್ತರಿಸುವ ಟ್ಯೂಡರ್ ನ್ಯೂಕ್ಲಿಯೇಸ್ ಎಂಬ ಪ್ರೊಟೀನನ್ನೇ ಮನುಷ್ಯರ ಕೋಶದಲ್ಲಿ ಕ್ಯಾಸ್ಪೇಸ್-3 ಕತ್ತರಿಸುತ್ತದೆ. ಕಿಣ್ವ ಬೇರೆ, ಕಡಿತದ ಜಾಗ ಬೇರೆ, ಗುರಿ ಒಂದೇ.

ಪ್ರೋಟಿಯೋಮಿಕ್ಸ್ ಮಾಡುವವರಿಗೆ ಇದರಿಂದ ಒಂದು ಪೇಚು ಹುಟ್ಟುತ್ತದೆ. ಮೆಟಾಕ್ಯಾಸ್ಪೇಸ್ ಮತ್ತು ಟ್ರಿಪ್ಸಿನ್ ಒಂದೇ ಬಗೆಯ ಜಾಗದಲ್ಲಿ ಕತ್ತರಿಸುವುದರಿಂದ ಧಾರವಾಡದ ವಿದ್ಯಾರ್ಥಿನಿಗೆ ಹೇಳಿದ ಮೊದಲ ಸುಳಿವು ಇಲ್ಲಿ ಉಪಯೋಗಕ್ಕೆ ಬರುವುದೇ ಇಲ್ಲ. ಟ್ರಿಪ್ಸಿನ್ ಹಾಕುವ ಮೊದಲು ತುದಿಗೆ ಗುರುತು ಹಚ್ಚದೆ ಬೇರೆ ದಾರಿಯಿಲ್ಲ. ಎಲೆಯಲ್ಲಿ ಇನ್ನೊಂದು ತೊಂದರೆ ದ್ಯುತಿಸಂಶ್ಲೇಷಣೆಯ ಕಿಣ್ವವಾದ ರುಬಿಸ್ಕೋ. ಕರಗುವ ಪ್ರೊಟೀನಿನ ಅರ್ಧದವರೆಗೂ ಇದೊಂದೇ ಇರಬಹುದಾದ್ದರಿಂದ ಉಳಿದವು ಅದರ ಮರೆಯಲ್ಲಿ ಹೋಗುತ್ತವೆ. ಚುಕ್ಕೆಯಾದ ಎಲೆಭಾಗವನ್ನು ಅರೆದ ಕೂಡಲೇ ಕೋಶದ ರಸದಾನಿಗಳಲ್ಲಿದ್ದ (ವ್ಯಾಕ್ಯೂಲ್) ಕಿಣ್ವಗಳೂ ಹೊರಬಂದು ಕತ್ತರಿಸಲು ತೊಡಗುತ್ತವೆ, ಹೀಗಾಗಿ ದ್ರವ ಸಾರಜನಕದಲ್ಲಿ ಗಟ್ಟಿಯಾಗಿಸದೆ ಅರೆಯಲೇಬಾರದು.

ಪ್ರಶ್ನೆ: ನಾವು ಮಾದರಿ ತಯಾರಿಸಿ ಬೆಂಗಳೂರಿನ ಮಾಸ್ ಸ್ಪೆಕ್ಟ್ರೋಮೆಟ್ರಿ ಕೇಂದ್ರಕ್ಕೆ ಕಳಿಸಬೇಕೆಂದಿದ್ದೇವೆ. ಹಿಂದೆ ಒಂದು ಸಲ ಕಳಿಸಿದಾಗ ಉಪಯೋಗಕ್ಕೆ ಬರುವಂಥದ್ದೇನೂ ಸಿಗಲಿಲ್ಲ. ಏನೇನು ಜಾಗ್ರತೆ ಬೇಕು?
(ಸಂಶೋಧನಾ ವಿದ್ಯಾರ್ಥಿ, ಧಾರವಾಡ)

ಉತ್ತರ: ಫಲಿತಾಂಶ ಕೆಡುವುದು ಬಹುತೇಕ ಯಂತ್ರದಲ್ಲಲ್ಲ, ಅದಕ್ಕೆ ಮೊದಲು ನಿಮ್ಮ ಮೇಜಿನ ಮೇಲೆ. ಕೋಶಗಳನ್ನು ಒಡೆಯುವ ಬಫರಿನಲ್ಲಿ ಟ್ರಿಸ್ ಅಥವಾ ಗ್ಲೈಸಿನ್ ಇದ್ದರೆ ಅವುಗಳ ಅಮೈನೋ ಗುಂಪುಗಳೇ ಗುರುತು ಹಚ್ಚುವ ರಾಸಾಯನಿಕವನ್ನು ತಿಂದುಹಾಕುತ್ತವೆ, ಅವುಗಳ ಬದಲು ಹೆಪೆಸ್ ಬಫರ್ ಬಳಸಿ. ಯೂರಿಯಾ ಹಾಕಿದ ಮಾದರಿಯನ್ನು ಬಿಸಿ ಮಾಡಬೇಡಿ, ಏಕೆಂದರೆ ಬಿಸಿಯಾದ ಯೂರಿಯಾದಿಂದ ಹುಟ್ಟುವ ಸಯನೇಟ್ ಅಮೈನೋ ತುದಿಗಳನ್ನು ಮುಚ್ಚಿಬಿಡುತ್ತದೆ, ಆಮೇಲೆ ಹುಡುಕಲು ಏನೂ ಉಳಿಯುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಪ್ರೋಟಿಯೇಸ್ (ಪ್ರೊಟೀನ್ ಕತ್ತರಿಸುವ ಕಿಣ್ವ) ತಡೆ ಮಿಶ್ರಣವಿದೆಯಲ್ಲ ಎಂದು ನಂಬಿ ಕೂರುವುದೂ ಸರಿಯಲ್ಲ: ಅದರಲ್ಲಿನ ಪಿಎಂಎಸ್‌ಎಫ್ ಸೆರೀನ್ ಬಗೆಯ ಕಿಣ್ವಗಳನ್ನು ತಡೆಯುತ್ತದೆ, ಇ-64 ಕ್ಯಾಥೆಪ್ಸಿನ್‌ಗಳನ್ನು ತಡೆಯುತ್ತದೆ, ಕ್ಯಾಸ್ಪೇಸ್‌ಗಳನ್ನು ಎರಡೂ ಬಿಟ್ಟುಬಿಡುತ್ತವೆ. ಒಡೆಯುವ ಬಫರಿಗೇ ಜಡ್‌-ವ್ಯಾಡ್ ಸೇರಿಸಿ, ಅಥವಾ ಕೋಶಗಳನ್ನು ನೇರವಾಗಿ ಎಸ್‌ಡಿಎಸ್ ಎಂಬ ಮಾರ್ಜಕದ ಬಿಸಿ ದ್ರಾವಣದಲ್ಲಿ ಒಡೆದು ಕಿಣ್ವಗಳನ್ನೆಲ್ಲ ಒಮ್ಮೆಗೇ ನಿಷ್ಕ್ರಿಯಗೊಳಿಸಿ. ಇಲ್ಲದಿದ್ದರೆ ಕೋಶ ಕತ್ತರಿಸಿದ್ದಕ್ಕಿಂತ ಟ್ಯೂಬಿನಲ್ಲಿ ಕತ್ತರಿಸಿದ್ದೇ ಹೆಚ್ಚಾಗುತ್ತದೆ. ಎಸ್‌ಡಿಎಸ್ ಬಳಸಿದರೆ ಅದನ್ನು ಪೂರ್ತಿ ತೆಗೆದ ಮೇಲೆಯೇ ಮುಂದುವರಿಯಿರಿ, ಅಲ್ಪಸ್ವಲ್ಪ ಉಳಿದರೂ ಯಂತ್ರದವರು ಮಾದರಿಯನ್ನು ಹಿಂದಿರುಗಿಸುತ್ತಾರೆ.

ಕೋಶ ಬೆಳೆಸುವ ದ್ರವದಲ್ಲಿನ ಕರುವಿನ ಸೀರಂ ಪೂರ್ತಿ ಹೋಗುವಂತೆ ಲವಣ ದ್ರಾವಣದಲ್ಲಿ ಹಲವು ಸಲ ತೊಳೆಯಿರಿ, ಇಲ್ಲವಾದರೆ ಆಲ್ಬುಮಿನ್‌ನ ಪೆಪ್ಟೈಡುಗಳನ್ನೇ ಓದಿಸಿಕೊಂಡು ಹಣ ಕೊಟ್ಟು ಬರಬೇಕಾಗುತ್ತದೆ. ಔಷಧ ಹಾಕಿದ ಬಹಳ ತಾಸುಗಳ ನಂತರ ಕೋಶಗಳನ್ನು ತೆಗೆದರೆ ಅವು ಒಡೆದು ಸೋರಲು ತೊಡಗಿರುತ್ತವೆ. ಅನೆಕ್ಸಿನ್-ವಿ ತೋರಿಸುವ ಆದರೆ ಪೊರೆ ಇನ್ನೂ ಒಡೆಯದೆ ಬಣ್ಣ ಒಳಗೆ ಬಿಡದ ಕೋಶಗಳು ಹೆಚ್ಚಾಗಿರುವ ಹೊತ್ತನ್ನು ಮೊದಲೇ ಚಿಕ್ಕ ಪ್ರಯೋಗದಲ್ಲಿ ಕಂಡುಕೊಳ್ಳಿ. ಔಷಧ ಹಾಕದ ಕೋಶಗಳು, ಔಷಧ ಹಾಕಿದವು, ಔಷಧದ ಜೊತೆಗೆ ಜಡ್‌-ವ್ಯಾಡ್ ಕೊಟ್ಟವು, ಈ ಮೂರನ್ನೂ ಬೇರೆ ಬೇರೆ ದಿನ ಬೆಳೆಸಿದ ಕೋಶಗಳಿಂದ ಕನಿಷ್ಠ ಮೂರು ಸಲ ತಯಾರಿಸಿ. ಒಂದೇ ಬಾಟಲಿಯ ಕೋಶಗಳನ್ನು ಮೂರು ಭಾಗ ಮಾಡಿದರೆ ಅದು ಮೂರು ಸಲವಾಗುವುದಿಲ್ಲ. ಪ್ರತಿ ಮಾದರಿಯಿಂದ ಒಂದಿಷ್ಟನ್ನು ತೆಗೆದು, ಕಳಿಸುವ ಮೊದಲು ಪಾರ್ಪ್ ಮತ್ತು ಕ್ಯಾಸ್ಪೇಸ್-3ರ ಬ್ಲಾಟ್ ಮಾಡಿ ನೋಡಿ. ಔಷಧ ಹಾಕಿದ್ದರಲ್ಲಿ 89ರ ಪಟ್ಟಿ ಕಾಣದಿದ್ದರೆ ಅಥವಾ ಹಾಕದಿದ್ದರಲ್ಲಿಯೂ ಕಂಡರೆ ಆ ಮಾದರಿಯನ್ನು ಕಳಿಸಬೇಡಿ. ಉಳಿದ ಪಾಲನ್ನು ಮೈನಸ್ 80 ಡಿಗ್ರಿಯಲ್ಲಿ ಇಟ್ಟಿರಿ. ಪಟ್ಟಿ ಬಂದ ಮೇಲೆ ನಿಮಗೆ ಆಸಕ್ತಿ ಹುಟ್ಟಿಸುವ ಪ್ರೊಟೀನನ್ನು ಅದೇ ಮಾದರಿಯಲ್ಲಿ ಪ್ರತಿಕಾಯದಿಂದ ಪರೀಕ್ಷಿಸಲು ಅದು ಬೇಕಾಗುತ್ತದೆ.